ಹಾಡು ಬಂದಿದೆ, ಅಂಕಿತ ಎಲ್ಲಿ?

2010ರ ನವೆಂಬರ್ 16ರಂದು ಬೀಟಲ್ಸ್ ತಂಡದ ಹಾಡುಗಳು ಆ್ಯಪಲ್ ಕಂಪನಿಯ ಐಟ್ಯೂನ್ಸ್ ಅಂಗಡಿಗೆ ಬಂದವು. ಅಷ್ಟು ಹೊತ್ತಿಗೆ ಉಳಿದವರಲ್ಲಿ ಹೆಚ್ಚಿನವರು ಬಂದು ಕೂತಾಗಿತ್ತು, ಲೆಡ್ ಜೆಪ್ಪೆಲಿನ್‌ನಂಥ ಹಟಮಾರಿಗಳೂ 2007ರಲ್ಲೇ ಬಂದಿದ್ದರು. ಬೀಟಲ್ಸ್ ತಡವಾಗಲು ಒಂದು ಕಾರಣ ಹೆಸರು. ಅವರು 1968ರಲ್ಲಿ ಕಟ್ಟಿಕೊಂಡ ಕಂಪನಿಯ ಹೆಸರೂ ಆ್ಯಪಲ್. ಆ ಒಂದು ಹೆಸರಿಗಾಗಿ ಎರಡು ಕಂಪನಿಗಳು 1978ರಿಂದ 2007ರವರೆಗೆ ಮತ್ತೆ ಮತ್ತೆ ಕೋರ್ಟಿನ ಕಟ್ಟೆ ಹತ್ತಿದವು. ಅದು ತೀರಿದ ಮೇಲೂ ಹಾಡು ಬರಲು ಮೂರು ವರ್ಷ ಹಿಡಿಯಿತು. ಬಿಡಿ ಹಾಡಿಗೆ 1.29 ಡಾಲರ್. ಮೊದಲ ವಾರದಲ್ಲೇ 20 ಲಕ್ಷಕ್ಕೂ ಹೆಚ್ಚು ಹಾಡುಗಳು ಮಾರಾಟವಾದವು ಎಂದು ಆ್ಯಪಲ್ ಹೇಳಿಕೊಂಡಿತು.

ಅದೇ ನವೆಂಬರಿನಲ್ಲಿ ರಾಯಚೂರಿನ ಡಿಜಿಟಲ್ ಅಂಗಡಿ ಬೇರೆಯಾಗಿತ್ತು. ಬಸ್ ಸ್ಟ್ಯಾಂಡಿನ ಸುತ್ತಮುತ್ತಲ ಮೊಬೈಲ್ ರಿಪೇರಿ ಅಂಗಡಿಗಳೇ ನಮ್ಮ ಐಟ್ಯೂನ್ಸ್. ಮೆಮೊರಿ ಕಾರ್ಡ್ ಬಿಚ್ಚಿಕೊಟ್ಟರೆ ಹುಡುಗ ಕಂಪ್ಯೂಟರಿಗೆ ಸಿಕ್ಕಿಸಿ ಕೇಳುತ್ತಿದ್ದ: ಹೊಸಾವು ಬೇಕಾ, ಹಳೇವಾ, ಭಕ್ತೀವಾ, ಜಾನಪದಾನಾ? ಹಾಡುಗಳು ತೂಕದ ಲೆಕ್ಕದಲ್ಲಿ ಬರುತ್ತಿದ್ದವು, ಒಂದು ಜಿಬಿಗೆ ಇಷ್ಟು ಎಂದು. ಹಾಡಿದವರ ಹೆಸರು ಇರಬೇಕಾದ ಜಾಗದಲ್ಲಿ, ಆ ಹಾಡನ್ನು ಕದ್ದು ಇಟ್ಟುಕೊಂಡಿದ್ದ ಯಾವುದೋ ವೆಬ್‌ಸೈಟಿನ ಹೆಸರು ಇರುತ್ತಿತ್ತು.

ಐಟ್ಯೂನ್ಸ್ ಅಂಗಡಿ 2012ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂತು, 2019ರ ಫೆಬ್ರವರಿಯಲ್ಲಿ ಸ್ಪಾಟಿಫೈ ಬಂತು. ಮೆಮೊರಿ ಕಾರ್ಡ್ ತುಂಬುತ್ತಿದ್ದ ಹುಡುಗರು ಈಗ ಮೊಬೈಲ್ ಕವರ್ ಮಾರುತ್ತಿದ್ದಾರೆ. ದಾಸರ ಪದ, ತತ್ವಪದ, ಭಜನೆ ಪದ ಎಲ್ಲವೂ ಆ್ಯಪಿಗೆ ಬಂದಿವೆ. "ಎಲ್ಲಾ ಸಿಗತೈತಲ್ಲ, ಇನ್ನೇನು ನಿಮ್ಮ ತಕರಾರು?" ಎಂದು ಗೆಳೆಯರು ಕೇಳುತ್ತಾರೆ. ನನ್ನ ತಕರಾರು ಇಷ್ಟೇ. ಕದ್ದ ಮಾಲಿನ ಕಾಲದಲ್ಲಿ ಹೆಸರು ಇರಲಿಲ್ಲ ಅಂದರೆ ಅರ್ಥವಾಗುತ್ತದೆ. ಕಾನೂನುಬದ್ಧ ಅಂಗಡಿ ಬಂದ ಮೇಲೂ ಹೆಸರು ಬರಲಿಲ್ಲವಲ್ಲ, ಯಾಕೆ?

ಇದನ್ನು ರಾಯಚೂರಿನವನಾಗಿ ಕೇಳುವುದಕ್ಕೆ ಕಾರಣವಿದೆ. ಈ ಜಿಲ್ಲೆ ಹೆಸರನ್ನು ಹಾಡಿನ ಒಳಗೇ ಇಟ್ಟು ಹೊಲಿಯುವ ವಿದ್ಯೆಯನ್ನು ಬಲ್ಲ ಸೀಮೆ. ಮಾನ್ವಿ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರು (1682–1755) 'ವಿಜಯವಿಠಲ' ಎಂಬ ಅಂಕಿತದಲ್ಲಿ ಬರೆದರು. ಅವರ ಶಿಷ್ಯರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಅವರದು 'ಗೋಪಾಲವಿಠಲ'. ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆನಿಂತು ಭಾಮಿನಿ ಷಟ್ಪದಿಯಲ್ಲಿ 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರದು (1728–1809) 'ಜಗನ್ನಾಥವಿಠಲ'. ಬಸ್ಸಿನಲ್ಲಿ ಒಂದೇ ದಿನ ಸುತ್ತಿ ಬರಬಹುದಾದ ಊರುಗಳಿವು. ಆ ಒಂದು ಪದದಲ್ಲಿ ದೇವರಿದ್ದಾನೆ, ಬರೆದವರಿದ್ದಾರೆ, ದೀಕ್ಷೆಯ ಪರಂಪರೆಯೂ ಇದೆ. ತಾಳೆಗರಿ ಹುಳು ತಿಂದರೂ, ಬಾಯಿಂದ ಬಾಯಿಗೆ ಹೋಗುವಾಗ ನಡುವಿನ ನುಡಿ ಅದಲುಬದಲಾದರೂ, ಕೊನೆಯ ನುಡಿ ನೆನಪಿದ್ದರೆ ಪದ ಯಾರದೆಂದು ಹೇಳಬಹುದು. ಇಂದು ಸಂಗೀತದ ಕಂಪನಿಗಳು 'ಮೆಟಾಡೇಟಾ' ಎಂದು ಕರೆಯುವ ವಸ್ತುವನ್ನು ನಮ್ಮವರು ಹಾಡಿನ ಹೊರಗೆ ಚೀಟಿ ಅಂಟಿಸದೆ, ಹಾಡಿನ ಮೈಯಲ್ಲೇ ಹಚ್ಚೆ ಹಾಕಿದ್ದರು.

ಇದು ದಾಸರಿಗಷ್ಟೇ ಸೇರಿದ್ದಲ್ಲ. ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ ಹಿಡಿದು ಹಾಡುವ ತತ್ವಪದಗಳಲ್ಲಿ ಕೊನೆಗೆ ಗುರುವಿನ ಹೆಸರೋ ಊರ ದೇವರ ಹೆಸರೋ ಬರುತ್ತದೆ. ಮೊಹರಂನಲ್ಲಿ ಹಿಂದೂ ಮುಸ್ಲಿಂ ಇಬ್ಬರೂ ಕೂಡಿ ಹಾಡುವ ರಿವಾಯತ್ ಪದಗಳ ಕಡೆಯ ನುಡಿಯಲ್ಲಿ ಊರು, ಗುರು, ಪದ ಕಟ್ಟಿದ ಕವಿ ಮೂವರೂ ಸಿಗುತ್ತಾರೆ. ಬೇರೆ ಬೇರೆ ಜಾತಿ, ಬೇರೆ ಬೇರೆ ಧರ್ಮ, ಆದರೆ ನಿಯಮ ಒಂದೇ: ಯಾರದೆಂದು ಹೇಳದೆ ಪದ ಮುಗಿಯಬಾರದು.

ರೆಕಾರ್ಡಿಂಗ್ ಎಂಬ ಯಂತ್ರ ನಮ್ಮ ದೇಶಕ್ಕೆ ಬಂದಾಗ ಅದಕ್ಕೂ ಈ ನಿಯಮ ಬೇಕಾಯಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ, ಅಲ್ಲಿನ ಕೆಲಸಗಾರರಿಗೆ ಇದು ಯಾರ ದನಿ ಎಂದು ತಿಳಿಯಬೇಕಿತ್ತು. ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಆ ಗಾಯಕಿಯ ದನಿಯನ್ನು ಇವತ್ತು ಕೇಳಿದರೂ ಹೆಸರು ಕೇಳಿಸುತ್ತದೆ. ಚೀಟಿ ಹರಿದರೂ ಅದು ಹರಿಯುವುದಿಲ್ಲ.

ಈಗ ಆ್ಯಪ್ ತೆರೆದು ನೋಡಿ. ದಾಸರ ಪದವಾದರೆ 'ಭಕ್ತಿ', ತತ್ವಪದವಾದರೆ 'ಜಾನಪದ' ಎಂಬ ಡಬ್ಬಿ. ಬರೆದವರ ಖಾನೆಯಲ್ಲಿ 'ಸಾಂಪ್ರದಾಯಿಕ' ಎಂದು ಇಂಗ್ಲಿಷಿನಲ್ಲಿ. ಮುನ್ನೂರು ವರ್ಷದ ಹಿಂದೆ ಹೆಸರು ಹೇಳಿಯೇ ಪದ ಮುಗಿಸಿದ ಮನುಷ್ಯನನ್ನು 'ಸಂಪ್ರದಾಯ' ಎಂಬ ಅನಾಮಧೇಯ ರಾಶಿಗೆ ಸುರಿಯುವುದು ಎಂಥ ಸೋಮಾರಿತನ! ತಬಲಾ, ಹಾರ್ಮೋನಿಯಂ ನುಡಿಸಿದವರ ಸುಳಿವೇ ಇಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಡಬ್ಬಿಯೊಳಗೆ ಒಂದು ಮಡಚಿದ ಕಾಗದವಾದರೂ ಇರುತ್ತಿತ್ತು, ಕನ್ನಡದಲ್ಲಿ. ಇನ್ನು ಹೆಸರು ಇರುವಲ್ಲೂ ಇಂಗ್ಲಿಷ್ ಕಾಗುಣಿತದ ಗೋಳು. ರಾಯಚೂರಿನ ರಂಗಮಂದಿರಕ್ಕೆ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿದೆ, ವಚನ ಗಾಯನಕ್ಕೆ ದೊಡ್ಡ ಹೆಸರು ಅವರದು. 'ಜಂಬಲದಿನ್ನಿ'ಯನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆಯಬಹುದು ಎಂದು ಒಮ್ಮೆ ಎಣಿಸಿ. ಅಷ್ಟು ಬಗೆಯಾಗಿ ಹುಡುಕಬೇಕು. ಕನ್ನಡದಲ್ಲಿ ಒಂದೇ ಬಗೆ ಸಾಕು.

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕ್ಷೇತ್ರಕಾರ್ಯಕ್ಕೆ ಹೋದಾಗ ತತ್ವಪದ ಹಾಡುವ ಒಬ್ಬ ತಾತನವರಿಗೆ ಅವರದೇ ಹಾಡನ್ನು ಫೋನಿನಲ್ಲಿ ಕೇಳಿಸಿದೆ. ಎಷ್ಟೋ ವರ್ಷದ ಹಿಂದೆ ಯಾರೋ ಬಂದು ಕ್ಯಾಸೆಟ್ಟಿಗೆ ಹಾಡಿಸಿಕೊಂಡು, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರಂತೆ. ಕಾಗದದ ಪ್ರತಿ ಇವರ ಬಳಿ ಇಲ್ಲ. ಆ್ಯಪಿನಲ್ಲಿ ಗಾಯಕರ ಹೆಸರಿನ ಜಾಗದಲ್ಲಿ ಕಂಪನಿಯ ಹೆಸರಿತ್ತು. ತಾತ ಪೂರ್ತಿ ಕೇಳಿದರು. ಹಾಡು ಸಣ್ಣಗಾಗುತ್ತ ಮುಗಿದುಹೋದಾಗ ಹುಬ್ಬು ಗಂಟಿಕ್ಕಿದರು. "ನನ್ನ ಹೆಸರು ಇಲ್ಲಂದ್ರ ಇರ್ಲಿ ಬಿಡು ತಮ್ಮಾ. ಕಡೀ ನುಡಿ ಯಾಕ ಕೊಯ್ದಾರ? ಗುರುವಿನ ಹೆಸರು ಐತಿ ಅಲ್ಲಿ."

ಅಂಕಿತ ತೆಗೆದರೆ ಏನು ಹೋಗುತ್ತದೆ ಎಂಬುದನ್ನು ನಾನು ಓದಿದ ಯಾವ ಸಿದ್ಧಾಂತವೂ ಇಷ್ಟು ನೆಟ್ಟಗೆ ಹೇಳಿಲ್ಲ.

ಹಾಡನ್ನು ಕೊಯ್ಯುವುದರ ಬಗ್ಗೆ ಹೊರಗಿನವರು ಹೇಗೆ ಜಗಳವಾಡಿದ್ದಾರೆ ನೋಡಿ. ಪಿಂಕ್ ಫ್ಲಾಯ್ಡ್ ಎಂಬ ಇನ್ನೊಂದು ರಾಕ್ ತಂಡದ ಆಲ್ಬಮ್ಮುಗಳಲ್ಲಿ ಒಂದು ಹಾಡು ಇನ್ನೊಂದಕ್ಕೆ ಕೂಡಿಕೊಂಡೇ ಹರಿಯುತ್ತದೆ. ಅವುಗಳನ್ನು ಬಿಡಿಬಿಡಿಯಾಗಿ ಆನ್‌ಲೈನಿನಲ್ಲಿ ಮಾರಬಾರದು ಎಂದು ತಂಡ ತನ್ನ ಕಂಪನಿ ಇಎಂಐ ವಿರುದ್ಧವೇ ದಾವೆ ಹೂಡಿತು. 2010ರ ಮಾರ್ಚಿನಲ್ಲಿ ಲಂಡನ್ನಿನ ಹೈಕೋರ್ಟ್ ತಂಡದ ಪರ ತೀರ್ಪು ಕೊಟ್ಟಿತು. ಮರುವರ್ಷ ಅವರೇ ಒಪ್ಪಂದ ಮಾಡಿಕೊಂಡು ಬಿಡಿ ಹಾಡುಗಳಿಗೂ ಅನುಮತಿ ಕೊಟ್ಟರು. ಕೊಡುವುದು, ಕೊಡದಿರುವುದು ಅವರ ಕೈಯಲ್ಲಿತ್ತು ಎಂಬುದಷ್ಟೇ ನನಗೆ ಮುಖ್ಯ. ನಮ್ಮ ಸುಳಾದಿಯೂ ಅಂಥದೇ. ಒಂದೊಂದು ನುಡಿಗೆ ಒಂದೊಂದು ತಾಳ, ಕೊನೆಗೆ ಎಲ್ಲವನ್ನೂ ಕಟ್ಟುವ ಎರಡು ಸಾಲಿನ ಜತೆ. ವಿಜಯದಾಸರು, ಗೋಪಾಲದಾಸರು ಸುಳಾದಿಗೇ ಹೆಸರಾದವರು. ಅದರಲ್ಲಿ ಒಂದು ನುಡಿಯನ್ನು ಕಿತ್ತು ಮೂವತ್ತು ಸೆಕೆಂಡಿನ ರೀಲ್ಸ್ ಮಾಡಿದರೆ ಯಾವ ಕೋರ್ಟಿಗೆ ಹೋಗುವುದು? ಹೋಗುವವರು ಯಾರು?

ಕಾನೂನಿನ ಕಡೆ ನೋಡಿದರೆ ಅಲ್ಲೂ ಒಂದು ತೂತು ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 52ಎ ಪ್ರಕಾರ ಧ್ವನಿಮುದ್ರಣವನ್ನು ಪ್ರಕಟಿಸುವವರು ಮೂರು ವಿವರ ಕೊಡಬೇಕು: ಮುದ್ರಣ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ. ಈ ಮೂರರಲ್ಲಿ ಹಾಡಿದವರು ಇಲ್ಲ, ಬರೆದವರೂ ಇಲ್ಲ. ಮಾಲೀಕನ ಮನೆ ವಿಳಾಸ ಬೇಕು, ಗಾಯಕಿಯ ಹೆಸರು ಬೇಡ. 2012ರ ತಿದ್ದುಪಡಿ ಕಲಂ 38ಬಿಯನ್ನು ಸೇರಿಸಿ, ಪ್ರದರ್ಶನ ಕೊಟ್ಟ ಕಲಾವಿದರಿಗೆ ತಮ್ಮನ್ನು ಕಲಾವಿದರೆಂದು ಗುರುತಿಸಬೇಕೆಂದು ಕೇಳುವ ಹಕ್ಕು ಕೊಟ್ಟಿತು. ಕೇಳುವ ಹಕ್ಕು! ಕೇಳಬೇಕಾದವರು ಹೆಬ್ಬೆಟ್ಟು ಒತ್ತಿ ಪ್ರತಿ ಇಲ್ಲದೆ ಕೂತವರು.

ಈ ಮಾತಿಗೆ ಎರಡು ಆಕ್ಷೇಪಗಳು ಬರುತ್ತವೆ. ಒಂದು, ಜಾನಪದ ಎಲ್ಲರದು, ಅದಕ್ಕೆ ಹೆಸರು ಹಚ್ಚುವುದು ಈ ಕಾಲದ ಅಹಂಕಾರ ಎಂಬುದು. ಕೇಳಲು ಚೆಂದ. ಆದರೆ 'ಎಲ್ಲರದು' ಎಂದು ಹೇಳಿ ಹಕ್ಕುದಾರರ ಖಾನೆಯಲ್ಲಿ ಒಬ್ಬರ ಹೆಸರು ಮಾತ್ರ ಬರೆಯುವುದು ಯಾವ ನಿರಹಂಕಾರ? ಪದ ಎಲ್ಲರದಾಗಲಿ, ನನ್ನದೂ ಅದೇ ಆಸೆ. ಹಾಡುವ ಸ್ವಾತಂತ್ರ್ಯ ಬೇರೆ, ಹೆಸರು ಅಳಿಸುವ ಸ್ವಾತಂತ್ರ್ಯ ಬೇರೆ. ರಘು ದೀಕ್ಷಿತ್ ತಂಡ 2008ರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರು, ಡ್ರಮ್ಮುಗಳ ಜೊತೆ ಹಾಡಿತು. ಶರೀಫರಿಗೆ ಅದರಿಂದ ಏನೂ ಆಗಲಿಲ್ಲ, ಅವರ ಹೆಸರು ಹೊಸ ಹುಡುಗರ ಬಾಯಿಗೆ ಬಂತು. ರಾಕ್ ಆಗಲಿ ಡಿಜೆ ಆಗಲಿ ನನಗೆ ತಕರಾರಿಲ್ಲ.

ಎರಡನೆಯ ಆಕ್ಷೇಪ ಹೊಟ್ಟೆಯದು. ಹೆಸರು ಹಾಕಿದರೆ ತಾತನಿಗೆ ಅನ್ನ ಬರುತ್ತದೆಯೇ? ನಾಳೆಯೇ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ರಾಯಧನ ಹಂಚುವ ವ್ಯವಸ್ಥೆಗಳೆಲ್ಲ ಖಾನೆಯಲ್ಲಿ ತುಂಬಿದ ಹೆಸರನ್ನು ನೋಡಿಯೇ ಹಂಚುತ್ತವೆ. ಖಾಲಿ ಖಾನೆಗೆ ಯಾರೂ ಹಣ ಕಳಿಸುವುದಿಲ್ಲ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗಲೂ 'ನೀವು ಹಾಡಿದ್ದಕ್ಕೆ ದಾಖಲೆ ಏನು?' ಎಂದು ಕೇಳಿದರೆ ತೋರಿಸಲು ಒಂದು ಹೆಸರಾದರೂ ಬೇಕಲ್ಲ.

ಕಂಪನಿಗಳನ್ನು ಬೈದು ಮುಗಿಸಿದರೆ ನಮ್ಮ ವಿದ್ವತ್ತಿಗೆ ಬಹಳ ಸುಖ. ಬೆಂಗಳೂರಿನ ಸಂತಕವಿ ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳನ್ನು ನಾಡಿನಾದ್ಯಂತ ಸಂಗ್ರಹಿಸಿ ಸಂಪುಟಗಳಾಗಿ ತಂದಿತು. ದೊಡ್ಡ ಕೆಲಸ ಅದು. ಅಕ್ಷರ ಉಳಿಯಿತು. ದನಿ? ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳಲ್ಲಿ ಹಾಡಿದವರು 'ವಕ್ತೃಗಳ ಪಟ್ಟಿ' ಎಂಬ ಅನುಬಂಧದಲ್ಲಿ ಹೆಸರು, ವಯಸ್ಸು, ಜಾತಿಯಾಗಿ ಕೂರುತ್ತಾರೆ. ಅವರ ದನಿ ಯಾವುದೋ ಹಾರ್ಡ್ ಡಿಸ್ಕಿನಲ್ಲಿ ಕೂತಿರುತ್ತದೆ, ಪದವಿ ಬಂದ ಮೇಲೆ ಆ ಡಿಸ್ಕನ್ನು ಯಾರೂ ತೆರೆಯುವುದಿಲ್ಲ. ಅಂಗಡಿಯವರು ಹೆಸರಿಲ್ಲದೆ ಹಾಡು ಇಟ್ಟುಕೊಂಡರು, ವಿದ್ವಾಂಸರು ಹಾಡಿಲ್ಲದೆ ಹೆಸರು ಇಟ್ಟುಕೊಂಡರು.

ಆದ್ದರಿಂದ ಬೇಡಿಕೆಗಳನ್ನು ನೇರವಾಗಿ ಇಡುತ್ತೇನೆ. ಪ್ರತಿ ಪದದ ಜೊತೆ ಕನ್ನಡ ಲಿಪಿಯಲ್ಲಿ ಆರು ವಿವರ ಇರಬೇಕು: ಪದದ ಮೊದಲ ಸಾಲು, ಅಂಕಿತ ಮತ್ತು ಕವಿ, ಹಾಡಿದವರು, ಸಾಥ್ ಕೊಟ್ಟವರು, ಊರು, ಹಾಡಿಸಿದ ವರ್ಷ. ಹಾಡು ಏರಿಸುವ ಫಾರಂನಲ್ಲಿ ಕವಿ, ಗಾಯಕರ ಖಾನೆಗಳು ಈಗಲೂ ಇರುತ್ತವೆ, ಅಲ್ಲಿ ಕಂಪನಿಯ ಹೆಸರು ತುಂಬುವುದನ್ನು ನಿಲ್ಲಿಸಬೇಕು. ಕಲಂ 52ಎಗೆ ಹಾಡಿದವರ ಮತ್ತು ಬರೆದವರ ಹೆಸರನ್ನು ಸೇರಿಸಬೇಕು, ಇದನ್ನು ನಮ್ಮ ಸಂಸದರು ದೆಹಲಿಯಲ್ಲಿ ಕೇಳಲಿ. ರಾಯಚೂರು ಆಕಾಶವಾಣಿ ಈ ಭಾಗದ ಕಲಾವಿದರಿಂದ ಹಾಡಿಸಿದ್ದು ಏನೇನಿದೆ ಎಂಬ ಪಟ್ಟಿಯನ್ನು ಹೆಸರು ಸಮೇತ ಹೊರಗಿಡಲಿ. 2021ರಲ್ಲಿ ನಮ್ಮ ಜಿಲ್ಲೆಗೂ ಒಂದು ವಿಶ್ವವಿದ್ಯಾಲಯ ಬಂದಿದೆ. ಅಲ್ಲೊಂದು ಧ್ವನಿ ಭಂಡಾರ ತೆರೆದು, ಸಂಶೋಧಕರು ಪ್ರಬಂಧದ ಜೊತೆಗೆ ಹಾಡುಗಾರರ ಒಪ್ಪಿಗೆ ಪಡೆದ ಮುದ್ರಣವನ್ನೂ ಒಪ್ಪಿಸಬೇಕು ಎಂಬ ನಿಯಮ ತರಲಿ. ಆ ಒಪ್ಪಿಗೆ ಪತ್ರದ ಒಂದು ಪ್ರತಿ ಹಾಡಿದವರ ಮನೆಯಲ್ಲೂ ಇರಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ರಸ್ತೆಗೆ, ಕಟ್ಟಡಕ್ಕೆ ಹೋಗುತ್ತದೆ, ಹೋಗಲೇಬೇಕು. ಅದರಲ್ಲೊಂದು ಸಣ್ಣ ಚೂರು ಈ ಭಂಡಾರಕ್ಕೆ ಬಂದರೆ ಯಾವ ರಸ್ತೆಯೂ ನಿಲ್ಲುವುದಿಲ್ಲ.

ಇಷ್ಟೆಲ್ಲ ಆಗುವವರೆಗೆ ಕಾಯಬೇಕಾಗಿಯೂ ಇಲ್ಲ. ಮಾನ್ವಿಯ ಭಜನಾ ಮಂಡಳಿಯ ಅಕ್ಕಂದಿರ ಹಾಡನ್ನು, ದೇವದುರ್ಗದ ತತ್ವಪದಗಳನ್ನು ಇವತ್ತು ಇಂಟರ್ನೆಟ್ಟಿಗೆ ಏರಿಸುತ್ತಿರುವವರು ಹೆಚ್ಚಾಗಿ ಅವರ ಮನೆಯ, ಓಣಿಯ ಹುಡುಗರೇ. ತಮ್ಮಂದಿರೇ, ತಂಗಿಯರೇ, 'ಸೂಪರ್ ಹಿಟ್ ಜಾನಪದ' ಎಂದು ಬರೆಯುವ ಜಾಗದಲ್ಲಿ ಆ ಅಕ್ಕನ ಹೆಸರು ಬರೆಯಿರಿ, ಊರು ಬರೆಯಿರಿ. ಹಾಡು ಉದ್ದವಾಯಿತೆಂದು ನಡುವೆ ಫೋನ್ ಆಫ್ ಮಾಡಬೇಡಿ. ಕಡೆಯ ನುಡಿ ಮುಗಿಯಲಿ.