ನಾಯಿಯ ಕಿವಿ ಸೋಂಕು ಮತ್ತೆ ಮತ್ತೆ ಮರುಕಳಿಸುವುದೇಕೆ? ವಿನೆಗರ್, ಎಣ್ಣೆ ಹಾಕಿದರೆ ವಾಸಿಯಾಗುತ್ತದೆಯೇ?

ನಾಯಿ ಪದೇ ಪದೇ ತಲೆ ಕೊಡವುತ್ತದೆ, ಕಾಲಿನಿಂದ ಕಿವಿ ಕೆರೆದುಕೊಳ್ಳುತ್ತದೆ. ಕಿವಿ ಎತ್ತಿ ನೋಡಿದರೆ ಕಂದು ಬಣ್ಣದ ಜಿಡ್ಡು, ಮುಗ್ಗಲು ವಾಸನೆ. ಡ್ರಾಪ್ಸ್ ಹಾಕಿದರೆ ವಾರದಲ್ಲಿ ಕಡಿಮೆಯಾಗುತ್ತದೆ, ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ. ಔಷಧಿಗೆ ಹಣ ಸುರಿದು ಬೇಸತ್ತವರಿಗೆ ಮೊಬೈಲಿಗೆ ಬರುವ ಮನೆಮದ್ದಿನ ಸಂದೇಶ ಸುಲಭ ದಾರಿಯಂತೆ ಕಾಣುತ್ತದೆ. ಅದನ್ನು ಪ್ರಯೋಗಿಸುವ ಅಥವಾ ಹಂಚುವ ಮೊದಲು ಈ ಸೋಂಕು ಏನೆಂದು ನೋಡೋಣ.

ಯೀಸ್ಟ್ ಹೊರಗಿನಿಂದ ಬಂದದ್ದಲ್ಲ

ಈ ಸೋಂಕಿಗೆ ಸಾಮಾನ್ಯವಾಗಿ ಕಾರಣವಾಗುವುದು ಮಲಸೇಜಿಯಾ ಪ್ಯಾಕಿಡರ್ಮಾಟಿಸ್ ಎಂಬ ಯೀಸ್ಟ್, ಅಂದರೆ ಒಂದು ಬಗೆಯ ಶಿಲೀಂಧ್ರ. ಆರೋಗ್ಯವಂತ ನಾಯಿಯ ಚರ್ಮ ಮತ್ತು ಕಿವಿಯಲ್ಲೂ ಇದು ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಕಿವಿಯೊಳಗೆ ಊತ, ತೇವ, ಜಿಡ್ಡು ಹೆಚ್ಚಾದಾಗ ಮಾತ್ರ ಮಿತಿಮೀರಿ ಬೆಳೆಯುತ್ತದೆ. ನಾಯಿಯ ಕಿವಿನಾಳ ಮೊದಲು ಕೆಳಗಿಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಹೀಗಾಗಿ ತೇವ ಬೇಗ ಆರುವುದಿಲ್ಲ. ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್‌ನಂಥ ಜೋಲುಕಿವಿಯ ತಳಿಗಳಲ್ಲಿ ಗಾಳಿಯಾಡುವುದೂ ಕಡಿಮೆ.

ಆದರೆ ಪದೇ ಪದೇ ಬರುವ ಸೋಂಕಿನ ಹಿಂದೆ ಹೆಚ್ಚಾಗಿ ಇರುವುದು ಅಲರ್ಜಿ. ದೂಳಿನ ಕೀಟ, ಪರಾಗ ಅಥವಾ ಆಹಾರಕ್ಕೆ ಚರ್ಮ ಕೆರಳುತ್ತದೆ, ಕಿವಿಯ ಒಳಚರ್ಮವೂ ಊದಿಕೊಳ್ಳುತ್ತದೆ. ನಾಯಿ ಪಾದಗಳನ್ನು ಸದಾ ನೆಕ್ಕುತ್ತಿದ್ದರೆ, ಹೊಟ್ಟೆಯ ಭಾಗ ಕೆಂಪಾಗಿದ್ದರೆ ಅದು ದೊಡ್ಡ ಸುಳಿವು. ಥೈರಾಯ್ಡ್ ಕೊರತೆ ಅಥವಾ ಕಿವಿಯೊಳಗಿನ ಗಡ್ಡೆಯೂ ಕಾರಣವಾಗಬಹುದು. ಮೂಲವನ್ನು ಬಿಟ್ಟು ಯೀಸ್ಟನ್ನಷ್ಟೇ ಕೊಂದರೆ, ನಲ್ಲಿ ನಿಲ್ಲಿಸದೆ ನೆಲ ಒರೆಸಿದಂತೆ.

ಫಾರ್ವರ್ಡ್‌ಗಳಲ್ಲಿ ಬರುವ ಮಾತುಗಳು

ವಿನೆಗರ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್: ಆಮ್ಲೀಯತೆ ಯೀಸ್ಟನ್ನು ತಡೆಯುತ್ತದೆ ಎಂಬುದು ನಿಜ. ನಾಯಿಗಳಿಗೆಂದೇ ತಯಾರಿಸಿದ ಕೆಲವು ಕ್ಲೀನರ್‌ಗಳಲ್ಲೂ ಸೌಮ್ಯ ಆಮ್ಲ ಇರುತ್ತದೆ. ಆದರೆ ಅಡುಗೆಮನೆಯ ವಿನೆಗರ್ ಕೆರೆದು ಹುಣ್ಣಾದ ಚರ್ಮವನ್ನು ಸುಡುತ್ತದೆ. ಪೆರಾಕ್ಸೈಡ್ ಕೂಡ ಚರ್ಮ ಕೆರಳಿಸುತ್ತದೆ. ಕಿವಿತಮಟೆ ಹರಿದಿದ್ದರೆ ಹಾಕಿದ ದ್ರವ ಒಳಗಿಳಿದು ಶ್ರವಣಶಕ್ತಿಗೇ ಕುತ್ತು ತರಬಹುದು. ತಮಟೆ ಹರಿದಿರುವುದು ಹೊರಗಿನಿಂದ ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ: ಮಲಸೇಜಿಯಾ ಬೆಳೆಯುವುದೇ ಕೊಬ್ಬಿನಂಶದ ಮೇಲೆ. ಪ್ರಯೋಗಾಲಯದಲ್ಲಿ ಈ ಜಾತಿಯ ಯೀಸ್ಟ್ ಬೆಳೆಸಲು ಆಲಿವ್ ಎಣ್ಣೆ ಬಳಸುವುದುಂಟು. ಬೆಳ್ಳುಳ್ಳಿ ನಾಯಿಯ ಹೊಟ್ಟೆ ಸೇರಿದರೆ ವಿಷಕಾರಿ.

ಅನ್ನ, ಸಿಹಿ ನಿಲ್ಲಿಸಿ, ಮೊಸರು ಕೊಡಿ: ಬ್ರೆಡ್ ಉಬ್ಬಿಸುವ ಯೀಸ್ಟ್ ಸಕ್ಕರೆಯನ್ನು ಹುದುಗಿಸುತ್ತದೆ, ಮಲಸೇಜಿಯಾ ಹಾಗೆ ಮಾಡುವುದಿಲ್ಲ. ಅನ್ನ ನಿಲ್ಲಿಸಿದ ಮಾತ್ರಕ್ಕೆ ಅದು ಉಪವಾಸ ಬೀಳುವುದಿಲ್ಲ. ಇನ್ನು ನಾಯಿಗಳ ಆಹಾರ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವ ಪದಾರ್ಥಗಳಲ್ಲಿ ಹಾಲಿನ ಉತ್ಪನ್ನ ಮತ್ತು ಕೋಳಿಮಾಂಸ ಸೇರಿವೆ. ಹಾಗಾಗಿ ಕೆಲವು ನಾಯಿಗಳಿಗೆ ಮೊಸರೇ ತೊಂದರೆ ಕೊಡಬಹುದು.

ಕಳೆದ ಬಾರಿಯ ಡ್ರಾಪ್ಸ್ ಹಾಕಿ: ಅದೇ ವಾಸನೆ, ಅದೇ ಕೆರೆತ ಎಂದಮಾತ್ರಕ್ಕೆ ಅದೇ ರೋಗವಲ್ಲ. ಬ್ಯಾಕ್ಟೀರಿಯಾ ಅಥವಾ ಕಿವಿಯ ನುಸಿಯಿಂದಲೂ ಹೀಗಾಗುತ್ತದೆ. ಬರೀ ಆಂಟಿಬಯಾಟಿಕ್ ಇರುವ ಡ್ರಾಪ್ಸ್ ಯೀಸ್ಟನ್ನು ಕೊಲ್ಲುವುದಿಲ್ಲ.

ಸರಿಯಾದ ಚಿಕಿತ್ಸೆ ಹೇಗಿರುತ್ತದೆ?

ಮೊದಲು ಪಶುವೈದ್ಯರು ಉಪಕರಣದಿಂದ ಕಿವಿತಮಟೆ ಪರೀಕ್ಷಿಸುತ್ತಾರೆ. ಕಿವಿಯ ಜಿಡ್ಡನ್ನು ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಡಲೆಕಾಯಿಯ ಆಕಾರದ ಯೀಸ್ಟ್ ಅಲ್ಲೇ ಕಾಣಿಸುತ್ತದೆ. ಈ ಸರಳ ಪರೀಕ್ಷೆ ಮಾಡದೆ ಔಷಧಿ ಬದಲಾಯಿಸುತ್ತಾ ಹೋಗುವುದು ಕತ್ತಲೆಯಲ್ಲಿ ಕಲ್ಲು ಎಸೆದಂತೆ.

ಬಳಿಕ ಕಿವಿ ತೊಳೆದು ಜಿಡ್ಡು ತೆಗೆಯಬೇಕು, ಇಲ್ಲದಿದ್ದರೆ ಔಷಧಿ ಒಳಗೆ ತಲುಪುವುದಿಲ್ಲ. ಕ್ಲೋಟ್ರಿಮಝೋಲ್, ಮೈಕೊನಝೋಲ್‌ನಂಥ ಶಿಲೀಂಧ್ರನಾಶಕದ ಜೊತೆ ಊತ ಇಳಿಸುವ ಸ್ಟೆರಾಯ್ಡ್ ಇರುವ ಡ್ರಾಪ್ಸನ್ನು ಸಾಮಾನ್ಯವಾಗಿ 2ರಿಂದ 4 ವಾರ ಹಾಕಬೇಕಾಗುತ್ತದೆ. ಹಠಮಾರಿ ಸೋಂಕಿಗೆ ಮಾತ್ರೆಯೂ ಬೇಕಾಗಬಹುದು.

ಹೆಚ್ಚಿನವರು ಎಡವುವುದು ಇಲ್ಲೇ. ಕೆರೆತ ನಿಂತ ಕೂಡಲೇ ಔಷಧಿಯನ್ನೂ ನಿಲ್ಲಿಸುತ್ತಾರೆ. ಆಗ ಆಳದಲ್ಲಿ ಉಳಿದ ಯೀಸ್ಟ್ ಮತ್ತೆ ತಲೆಯೆತ್ತುತ್ತದೆ. ವರ್ಷಗಟ್ಟಲೆ ಹೀಗಾದರೆ ಕಿವಿನಾಳದ ಚರ್ಮ ದಪ್ಪವಾಗಿ ದಾರಿಯೇ ಮುಚ್ಚಿಹೋಗಿ, ಶಸ್ತ್ರಚಿಕಿತ್ಸೆಯಿಂದ ನಾಳವನ್ನೇ ತೆಗೆಯಬೇಕಾದೀತು. ಆದ್ದರಿಂದ ನಿಲ್ಲಿಸುವ ಮೊದಲು ಮರುಪರೀಕ್ಷೆ ಮಾಡಿಸಲೇಬೇಕು. ಆಹಾರ ಅಲರ್ಜಿಯ ಅನುಮಾನವಿದ್ದರೆ, ನಾಯಿ ಹಿಂದೆಂದೂ ತಿನ್ನದ ಆಹಾರವನ್ನಷ್ಟೇ ವೈದ್ಯರ ಸಲಹೆಯಂತೆ ಸುಮಾರು 8 ವಾರ ಕೊಟ್ಟು ನೋಡಬೇಕಾಗುತ್ತದೆ.

ಮನೆಯಲ್ಲಿ ನಾವೇನು ಮಾಡಬಹುದು?

• ಸ್ನಾನ ಅಥವಾ ಈಜಿನ ನಂತರ ಕಿವಿಯ ಹೊರಭಾಗವನ್ನು ಒಣಬಟ್ಟೆಯಿಂದ ಒರೆಸಿ.
• ಇಯರ್ ಬಡ್ ಒಳಗೆ ತೂರಿಸಬೇಡಿ. ಅದು ಜಿಡ್ಡನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ.
• ಔಷಧಿ ಹಾಕಿದ ಮೇಲೆ ಕೈ ತೊಳೆಯಿರಿ. ಆರೋಗ್ಯವಂತರಿಗೆ ಈ ಯೀಸ್ಟ್ ತಗಲುವುದು ಅಪರೂಪ. ಆದರೆ ಅಮೆರಿಕದ ಆಸ್ಪತ್ರೆಯೊಂದರ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇದು ಹರಡಿದ್ದನ್ನು 1998ರ ವರದಿಯೊಂದು ದಾಖಲಿಸಿದೆ. ಸಿಬ್ಬಂದಿಯ ಸಾಕುನಾಯಿಗಳಿಗೆ ಅದರ ನಂಟು ಕಂಡುಬಂದಿತ್ತು.
• ನಾಯಿ ತಲೆ ಒಂದೇ ಕಡೆ ವಾಲಿಸಿದರೆ, ತೂರಾಡಿದರೆ, ಕಿವಿ ಮುಟ್ಟಿದರೆ ಕಿರುಚಿದರೆ ಅಥವಾ ಕಿವಿಯ ಹಾಳೆ ಊದಿಕೊಂಡರೆ ತಡಮಾಡದೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.

ಒಟ್ಟಾರೆ ಹೇಳುವುದಾದರೆ, ಪದೇ ಪದೇ ಬರುವ ಕಿವಿ ಸೋಂಕಿಗೆ ಹೊಸ ಡ್ರಾಪ್ಸ್‌ಗಿಂತ ಮೊದಲು ಬೇಕಿರುವುದು ಕಾರಣದ ಪತ್ತೆ. ವಿನೆಗರ್ ಸಲಹೆ ನಿಮ್ಮ ಗುಂಪಿಗೂ ಬಂದಿದ್ದರೆ ಮುಂದಕ್ಕೆ ಕಳುಹಿಸಬೇಡಿ. ನೋವಾಗುತ್ತಿದೆ ಎಂದು ಆ ಮೂಕಪ್ರಾಣಿ ಬಾಯಿಬಿಟ್ಟು ಹೇಳಲಾರದು.