ಮಸುಕಾದ ಕಣ್ಣು, ತಪ್ಪುವ ಹೆಜ್ಜೆ



ಮುಪ್ಪಿನಲ್ಲಿ ಆಯತಪ್ಪಿ ಬೀಳುವುದಕ್ಕೆ ಕಾಲಿನ ನಿಶ್ಶಕ್ತಿಯೊಂದೇ ಕಾರಣವೆಂದು ಭಾವಿಸುವ ರೂಢಿಯಿದೆ. ಆದರೆ ದೇಹದ ಸಮತೋಲನವು ಕಣ್ಣು, ಒಳಕಿವಿ ಹಾಗೂ ಪಾದ-ಕೀಲುಗಳ ಸ್ಪರ್ಶಜ್ಞಾನ ಎಂಬ ಮೂರು ಆಧಾರಗಳ ಮೇಲೆ ನಿಂತಿದ್ದು, ವಯಸ್ಸಾದಂತೆ ಕೊನೆಯ ಎರಡು ಸೊರಗಿದಾಗ ಹೊಣೆಯೆಲ್ಲ ಕಣ್ಣಿನ ಮೇಲೆ ಬೀಳುತ್ತದೆ. ಆ ಕಣ್ಣಿಗೇ ಪೊರೆ ಬಂದರೆ, ಅಂದರೆ ಒಳಗಿನ ಪಾರದರ್ಶಕ ಮಸೂರ ಮಬ್ಬಾದರೆ, ಆಳದ ಅಂದಾಜು ತಪ್ಪುತ್ತದೆ. ನಮ್ಮ ಜಿಲ್ಲೆಯ ಚನ್ನಗಿರಿ, ನ್ಯಾಮತಿ ಕಡೆಯ ಹಳೆಯ ಮನೆಗಳಲ್ಲಿ ನಡುಮನೆಯ ಬೆಳಕಿನಿಂದ ಕತ್ತಲೆಯ ಬಚ್ಚಲಿಗೆ ಇಳಿಯುವಲ್ಲಿ ಇರುವ ಒಂಟಿ ಮೆಟ್ಟಿಲು, ನೆಲದ ಬಣ್ಣವೇ ಅದಕ್ಕೂ ಇದ್ದರೆ, ಪೊರೆ ಬಂದವರಿಗೆ ಕಾಣುವುದೇ ಇಲ್ಲ. ಅಂಚಿಗೆ ಬಳಿದ ಒಂದು ಪಟ್ಟಿ ಸುಣ್ಣ ಸೊಂಟದ ಮೂಳೆಯನ್ನು ಉಳಿಸಬಲ್ಲದು. ದೂರದ ನೋಟಕ್ಕೂ ಓದಿಗೂ ಒಂದೇ ಗಾಜಿರುವ ಬೈಫೋಕಲ್ ಕನ್ನಡಕ ಧರಿಸಿದವರು ಬಸ್ಸಿನಿಂದ ಇಳಿಯುವಾಗ ಓದುವ ಭಾಗದ ಮೂಲಕವೇ ನೆಲವನ್ನು ನೋಡುವುದರಿಂದ ಮೆಟ್ಟಿಲು ಮಸುಕಾಗುತ್ತದೆ ಎಂಬುದನ್ನು ಅವರಿಗೆ ತಿಳಿಸುವವರೂ ವಿರಳ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವೃದ್ಧೆಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವು, ಮೊದಲ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯನ್ನು ಬೇಗ ಮಾಡಿಸಿದರೆ ಬೀಳುವ ಪ್ರಮಾಣ ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆಂದು ತೋರಿಸಿತು. ನಮ್ಮಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದಲೇ ಇದ್ದರೂ, "ಪೊರೆ ಇನ್ನೂ ಬಲಿಯಲಿ" ಎಂದು ಕಾಯುವ ತಪ್ಪು ನಂಬಿಕೆ ಊರುಗಳಲ್ಲಿ ಅಳಿದಿಲ್ಲ. ಜಗಳೂರಿನ ದೂರದ ಹಳ್ಳಿಯ ಒಂಟಿ ವೃದ್ಧರಿಗೆ ಜೊತೆಗೊಬ್ಬರಿಲ್ಲದೆ ನೇತ್ರ ಶಿಬಿರ ತಲುಪುವುದೇ ಕಷ್ಟ. ಆದ್ದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಮನೆಭೇಟಿಗೆ ಹೋಗುವ ಆಶಾ ಕಾರ್ಯಕರ್ತೆಯರು ಹಿರಿಯರನ್ನು "ಈ ವರ್ಷ ಬಿದ್ದಿದ್ದೀರಾ?" ಎಂದು ವಿಚಾರಿಸಿ, ಬಿದ್ದವರನ್ನು ಮೊದಲು ಕಣ್ಣಿನ ತಪಾಸಣೆಗೆ ಕಳುಹಿಸುವ ವ್ಯವಸ್ಥೆಯನ್ನು ಜಿಲ್ಲಾ ಆರೋಗ್ಯ ಇಲಾಖೆ ಕೂಡಲೇ ಮಾಡಬೇಕು.

– ಓದುಗರು, ಹೊನ್ನಾಳಿ