ಗಣರಾಜ್ಯವನ್ನು ಕೊಂದವರು ಜನರಲ್ಲ

“ಅಷ್ಟು ದೊಡ್ಡ ಕ್ರಾಂತಿ ಮಾಡಿದ ಫ್ರೆಂಚರಿಗೂ ಕೊನೆಗೆ ಒಬ್ಬ ನೆಪೋಲಿಯನ್ ಬೇಕಾಯಿತಲ್ಲ! ಜನಕ್ಕೆ ಸ್ವಾತಂತ್ರ್ಯ ಜೀರ್ಣವಾಗುವುದಿಲ್ಲ ಸ್ವಾಮಿ!”

ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆಯೋ ಲೆಕ್ಕವಿಲ್ಲ. ಸಭೆ ಮುಗಿದು ಚಹಾದ ಲೋಟ ಕೈಗೆ ಬಂದೊಡನೆ ಯಾರಾದರೊಬ್ಬರು ಇದನ್ನು ಹೇಳುತ್ತಾರೆ, ನಾಲ್ವರು ತಲೆದೂಗುತ್ತಾರೆ. ಹೇಳುವವರು ಪುಂಡರಲ್ಲ, ಓದಿದವರು, ಮರ್ಯಾದಸ್ಥರು. ಆದಕಾರಣವೇ ಈ ಮಾತಿಗೆ ಉತ್ತರ ಕೊಡದೆ ಬಿಡುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಇತಿಹಾಸವನ್ನು ಸಾಕ್ಷಿಗೆ ಕರೆದಿದ್ದಾರೆ. ಸಾಕ್ಷಿ ಏನು ಹೇಳುತ್ತದೆಂಬುದನ್ನು ಪೂರ್ತಿ ಕೇಳೋಣ.

ಮೊದಲು ಅರಸೊತ್ತಿಗೆಯ ವಿಚಾರ. 1788ರ ಆಗಸ್ಟಿನಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ಇಂಗ್ಲಿಷರ ವಿರುದ್ಧ ನೆರವು ಕೋರಿ ವರ್ಸೇಲ್ಸ್ ಅರಮನೆಗೆ ಹೋಗಿದ್ದರು. ಹದಿನಾರನೆಯ ಲೂಯಿ ಅವರನ್ನು ವೈಭವದಿಂದ ಬರಮಾಡಿಕೊಂಡ. ಸೈನ್ಯವನ್ನು ಮಾತ್ರ ಕೊಡಲಿಲ್ಲ. ಅದೇ ತಿಂಗಳು ಅವನ ಖಜಾನೆಯೇ ಸಾಲಗಾರರಿಗೆ ನಗದು ಸಲ್ಲಿಸುವುದನ್ನು ನಿಲ್ಲಿಸಬೇಕಾಗಿ ಬಂತು. ತೆರಿಗೆ ಕೊಡಬಲ್ಲ ಕುಲೀನರಿಗೂ ಧರ್ಮಾಧಿಕಾರಿಗಳಿಗೂ ವಿನಾಯಿತಿ, ಕೊಡಲಾರದ ರೈತನ ಬೆನ್ನಿಗೆ ಹೊರೆ. 1614ರ ನಂತರ ಒಮ್ಮೆಯೂ ಕರೆಯದಿದ್ದ ಮೂರು ವರ್ಗಗಳ ಮಹಾಸಭೆಯನ್ನು 1789ರ ಮೇ 5ರಂದು ಕೂಡಿಸಿದ್ದು ಜನಪ್ರೇಮದಿಂದಲ್ಲ, ಹಣದ ಮುಗ್ಗಟ್ಟಿನಿಂದ.

ಇಷ್ಟಾಗಿಯೂ ಜನ ದೊರೆಯನ್ನು ಕೂಡಲೇ ದೂಡಲಿಲ್ಲ. ಬ್ಯಾಸ್ಟಿಲ್ ಬಿದ್ದು ಎರಡು ವರ್ಷಗಳಾದ ಮೇಲೆ ಬಂದ 1791ರ ಸಂವಿಧಾನದಲ್ಲಿಯೂ ಸಿಂಹಾಸನಕ್ಕೆ ಸ್ಥಾನವಿತ್ತು. ಆದರೆ ಆ ವರ್ಷದ ಜೂನಿನಲ್ಲಿಯೇ ದೊರೆ ವೇಷ ಮರೆಸಿಕೊಂಡು ಗಡಿಯ ಕಡೆಗೆ ಓಡಿ, ವಾರೆನ್ ಎಂಬ ಊರಿನಲ್ಲಿ ಸಿಕ್ಕಿಬಿದ್ದಿದ್ದ. 1792ರ ಆಗಸ್ಟ್ 10ರಂದು ಜನ ಅರಮನೆಗೆ ನುಗ್ಗಿದರು. ಸೆಪ್ಟೆಂಬರಿನಲ್ಲಿ ಗಣರಾಜ್ಯದ ಘೋಷಣೆಯಾಯಿತು. 1793ರ ಜನವರಿ 21ರಂದು ಲೂಯಿಯ ತಲೆ ಉರುಳಿತು.

“ಆಮೇಲಿನ ರಕ್ತಪಾತ?” ಎಂದು ನಮ್ಮ ಮಿತ್ರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಭಯೋತ್ಪಾತದ ಕಾಲದಲ್ಲಿ ನ್ಯಾಯಮಂಡಲಿಗಳ ತೀರ್ಪಿನಿಂದಲೇ ಸುಮಾರು ಹದಿನೇಳು ಸಾವಿರ ಜನ ಪ್ರಾಣ ಕಳೆದುಕೊಂಡರು. ಅದನ್ನು ನಾವು ಸಮರ್ಥಿಸುವವರಲ್ಲ. ಆದರೆ ರೋಬ್ಸ್‌ಪಿಯರ್ ಬಿದ್ದದ್ದು 1794ರ ಜುಲೈನಲ್ಲಿ. ಬೋನಾಪಾರ್ಟ್ ಅಧಿಕಾರ ಹಿಡಿದದ್ದು 1799ರ ನವೆಂಬರಿನಲ್ಲಿ. ನಡುವೆ ಐದು ವರ್ಷಗಳಿವೆ. ಗಿಲೋಟಿನ್ನಿನಿಂದ ಫ್ರಾನ್ಸನ್ನು ಕಾಪಾಡಿದವನು ನೆಪೋಲಿಯನ್ ಎನ್ನುವವರು ಈ ಐದು ವರ್ಷಗಳನ್ನು ಮೆಲ್ಲಗೆ ನುಂಗಿಬಿಡುತ್ತಾರೆ. ಗಣರಾಜ್ಯ ಸತ್ತದ್ದು ಆ ಅವಧಿಯಲ್ಲಿಯೇ.

1795ರ ಹೊಸ ಸಂವಿಧಾನ ಐವರು ನಿರ್ದೇಶಕರ ಕೈಗೆ ಆಡಳಿತವನ್ನು ಕೊಟ್ಟಿತು. ಎರಡೂವರೆ ಕೋಟಿಗೂ ಮೀರಿದ ಜನರಿದ್ದ ದೇಶದಲ್ಲಿ ಪ್ರತಿನಿಧಿಗಳನ್ನು ಕೊನೆಗೆ ಆರಿಸುವವರು ಸುಮಾರು ಮೂವತ್ತು ಸಾವಿರ ಆಸ್ತಿವಂತರು. ಅದೂ ಸಾಲದೆಂದು ಹಳೆಯ ಸಭೆಯವರು, ಹೊಸ ಸಭೆಯ ಮೂರರಲ್ಲಿ ಎರಡು ಪಾಲು ಸದಸ್ಯರು ತಮ್ಮವರೇ ಆಗಿರಬೇಕೆಂದು ತಾವೇ ಕಟ್ಟಳೆ ಮಾಡಿದರು. ಪ್ಯಾರಿಸಿನಲ್ಲಿ ದಂಗೆಯೆದ್ದಿತು. ಅದನ್ನು ಅಕ್ಟೋಬರ್ 5ರಂದು ತೋಪು ಹಾರಿಸಿ ಅಡಗಿಸಿದವರಲ್ಲಿ ಮುಖ್ಯನಾದವನು ಇಪ್ಪತ್ತಾರು ವರ್ಷದ ಸೇನಾನಿ ಬೋನಾಪಾರ್ಟ್. ಗಣರಾಜ್ಯದ ಧುರೀಣರು ಅವನಿಗೆ ತೆತ್ತುಕೊಂಡ ಮೊದಲ ಋಣ ಇದು.

1797ರ ಚುನಾವಣೆಯಲ್ಲಿ ಅರಸೊತ್ತಿಗೆಯ ಪಕ್ಷದವರು ಬಹುವಾಗಿ ಗೆದ್ದರು. ಆಳುವವರು ಏನು ಮಾಡಿದರು? ಸೆಪ್ಟೆಂಬರ್ 4ರಂದು ಸೈನ್ಯವನ್ನು ಕರೆಸಿ 49 ಪ್ರಾಂತಗಳ ಚುನಾವಣೆಯನ್ನೇ ರದ್ದು ಮಾಡಿದರು. ಐವರು ನಿರ್ದೇಶಕರಲ್ಲಿ ಇಬ್ಬರನ್ನು ಹೊರಹಾಕಿದರು. ಈ ಕೆಲಸಕ್ಕೆ ಬಂದ ಸೇನಾಪತಿ ಓಜೆರೋನನ್ನು ಇಟಲಿಯಿಂದ ಕಳಿಸಿಕೊಟ್ಟವನೂ ಬೋನಾಪಾರ್ಟನೇ. 1798ರಲ್ಲಿ ಎದುರು ದಿಕ್ಕಿನವರಾದ ಉಗ್ರ ಗಣರಾಜ್ಯವಾದಿಗಳು ಗೆದ್ದರು. ಆಗಲೂ ನೂರಕ್ಕೂ ಹೆಚ್ಚು ಜನರ ಆಯ್ಕೆ ರದ್ದಾಯಿತು. ಬಲಕ್ಕೆ ಮತ ಹಾಕಿದರೂ ತಪ್ಪು, ಎಡಕ್ಕೆ ಹಾಕಿದರೂ ತಪ್ಪು! ಬೇಲಿಯೇ ಎದ್ದು ಹೊಲ ಮೇಯ್ದದ್ದು ಇಲ್ಲಿ. ಜೀರ್ಣವಾಗುವ ಮಾತು ಹಾಗಿರಲಿ, ತುತ್ತು ಬಾಯಿಗೆ ಬರುವ ಮೊದಲೇ ಕಸಿದುಕೊಂಡವರನ್ನು ಬಿಟ್ಟು ಜನರ ಹೊಟ್ಟೆಯನ್ನು ದೂರುವುದು ಯಾವ ನ್ಯಾಯ?

ಕೊನೆಯ ಅಂಕದ ಸೂತ್ರಧಾರ ಸಿಯೇಸ್. ದೇಶವೆಂದರೆ ಮೂರನೆಯ ವರ್ಗವೇ ಎಂದು 1789ರಲ್ಲಿ ಹೊತ್ತಗೆ ಬರೆದು ಹೆಸರಾದ ಮನುಷ್ಯ, ಹತ್ತು ವರ್ಷಗಳ ಮೇಲೆ ತಾನೇ ನಿರ್ದೇಶಕನಾಗಿ, ಸಂವಿಧಾನವನ್ನು ಮುರಿಯಲು ಒಬ್ಬ ಸೇನಾಪತಿಯನ್ನು ಹುಡುಕುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ಬೋನಾಪಾರ್ಟ್ ಈಜಿಪ್ಟಿನಿಂದ ಬಂದಿಳಿದ. ಟಿಪ್ಪುವಿನ ಮಿತ್ರನೆಂದು ನಮ್ಮ ಕನ್ನಡಿಗರಲ್ಲಿ ಕೆಲವರಿಗೆ ಇವನ ಮೇಲೆ ಮಮತೆಯುಂಟು. ಇಂಗ್ಲಿಷರಿಂದ ಬಿಡುಗಡೆ ಮಾಡಿಸಲು ಬಂದಿದ್ದೇನೆಂದು 1799ರ ಜನವರಿಯಲ್ಲಿ ಇವನು ಕೈರೋದಿಂದ ಟಿಪ್ಪುವಿಗೆ ಕಾಗದ ಬರೆದದ್ದು ನಿಜ. ಕಾಗದ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆಗಸ್ಟಿನಲ್ಲಿ ಈ ವಿಮೋಚಕ ತನ್ನ ಸ್ವಂತ ಸೈನ್ಯವನ್ನೇ ಈಜಿಪ್ಟಿನಲ್ಲಿ ಬಿಟ್ಟು ಹಡಗು ಹತ್ತಿದ.

ನವೆಂಬರ್ 10ರಂದು ಸಾಂಕ್ಲೂ ಅರಮನೆಯಲ್ಲಿ ನಡೆದದ್ದೇನು? ಐನೂರು ಸದಸ್ಯರ ಸಭೆಗೆ ಬೋನಾಪಾರ್ಟ್ ಕಾಲಿಟ್ಟಾಗ ಪ್ರತಿನಿಧಿಗಳು ಅವನನ್ನು ಧಿಕ್ಕರಿಸಿ ಕೂಗಿದರು. ವೀರಾಧಿವೀರ ಕಂಗೆಟ್ಟು, ಸೈನಿಕರ ಆಸರೆಯಲ್ಲಿ ಹೊರಗೆ ಬಂದ. ಆಗ ಅವನನ್ನು ಉಳಿಸಿದವನು ತಮ್ಮ ಲೂಸಿಯನ್, ಅದೇ ಸಭೆಯ ಅಧ್ಯಕ್ಷ! ಅವನ ಮಾತು ನಂಬಿದ ಸೈನಿಕರು ಬಂದೂಕಿಗೆ ಬಾಕು ಸಿಕ್ಕಿಸಿ ಒಳನುಗ್ಗಿದರು. ಪ್ರತಿನಿಧಿಗಳು ಕಿಟಕಿಗಳಿಂದ ಹಾರಿಕೊಂಡರು. ರಾತ್ರಿ ಕೈಗೆ ಸಿಕ್ಕಷ್ಟು ಜನರನ್ನು ಕೂಡಿಸಿ ಎಲ್ಲವೂ ಕಾನೂನಿನ ಪ್ರಕಾರವೇ ನಡೆಯಿತೆಂದು ಬರೆಸಿಕೊಂಡರು.

“ಜನ ಮತ ಕೊಟ್ಟರಲ್ಲ!” ಎನ್ನುತ್ತೀರಾ? ಆ ಮತದ ಕಥೆಯನ್ನೂ ಕೇಳಿ. ಹೊಸ ಸಂವಿಧಾನ ಜಾರಿಗೆ ಬಂದದ್ದು 1799ರ ಡಿಸೆಂಬರ್ 25ರಂದು. ಜನಮತದ ಎಣಿಕೆ ಪ್ರಕಟವಾದದ್ದು 1800ರ ಫೆಬ್ರವರಿಯಲ್ಲಿ. ಮದುವೆ ಮುಗಿದ ಮೇಲೆ ಹೆಣ್ಣಿನ ಒಪ್ಪಿಗೆ ಕೇಳಿದಂತೆ! ಸರಕಾರ ಸಾರಿದ ಲೆಕ್ಕ: ಒಪ್ಪಿದವರು 30,11,007, ಒಪ್ಪದವರು 1,562. ಇತಿಹಾಸಕಾರ ಕ್ಲೋಡ್ ಲಾಂಗ್ಲ್ವಾ 1970ರ ದಶಕದಲ್ಲಿ ಹಳೆಯ ದಾಖಲೆಗಳನ್ನು ಬಿಚ್ಚಿ ಎಣಿಸಿದಾಗ, ನಿಜವಾದ ಒಪ್ಪಿಗೆ ಅದರ ಅರ್ಧದಷ್ಟು, ಅಂದರೆ ಸುಮಾರು ಹದಿನೈದು ಲಕ್ಷವೆಂದು ಕಂಡುಬಂತು. ಅಂಕಿ ಉಬ್ಬಿಸಿದ ಇಲಾಖೆಯ ಮಂತ್ರಿ ಯಾರು? ಮತ್ತೆ ತಮ್ಮ ಲೂಸಿಯನ್. ಇಷ್ಟರ ಮೇಲೆ, ಮತ ಕೊಡುವವನು ಎಲ್ಲರಿಗೂ ಕಾಣುವ ಪುಸ್ತಕದಲ್ಲಿ ಹೆಸರು ಬರೆಯಬೇಕಿತ್ತು. ಪ್ಯಾರಿಸಿನ 73 ರಾಜಕೀಯ ಪತ್ರಿಕೆಗಳಲ್ಲಿ 60ನ್ನು 1800ರ ಜನವರಿಯಲ್ಲಿಯೇ ಮುಚ್ಚಿಸಿಯಾಗಿತ್ತು.

ಕಾನೂನು ಸಂಹಿತೆ, ಬ್ಯಾಂಕು, ಶಾಲೆಗಳು ನೆಪೋಲಿಯನ್ನನ ಕಾಲದಲ್ಲಿ ಆದವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಂಹಿತೆಯ ಮೊದಲ ಕರಡನ್ನು ಕಾಂಬಾಸೆರೆಸ್ 1793ರಲ್ಲಿಯೇ ಗಣರಾಜ್ಯದ ಸಭೆಯ ಮುಂದಿಟ್ಟಿದ್ದ. 1804ರಲ್ಲಿ ಅದು ಹೊರಬಂದಾಗ ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕೆಂಬ ವಿಧಿ ಅದರಲ್ಲಿತ್ತು. ಗಣರಾಜ್ಯ 1794ರಲ್ಲಿ ರದ್ದುಗೊಳಿಸಿದ ಗುಲಾಮಗಿರಿಯನ್ನು ಇವನು 1802ರಲ್ಲಿ ಮತ್ತೆ ಕಾನೂನಾಗಿಸಿದ. 1804ರ ಡಿಸೆಂಬರ್ 2ರಂದು ತನ್ನ ಕೈಯಿಂದಲೇ ತಲೆಗೆ ಕಿರೀಟವಿಟ್ಟುಕೊಂಡ. 1812ರಲ್ಲಿ ರಷ್ಯಕ್ಕೆ ಕರೆದೊಯ್ದ ಸುಮಾರು ಆರು ಲಕ್ಷ ಸೈನಿಕರಲ್ಲಿ ಬಹುಪಾಲು ಜನ ತಿರುಗಿ ಬರಲಿಲ್ಲ. ಇಷ್ಟೆಲ್ಲ ಆಗಿ 1814ರಲ್ಲಿ ಸಿಂಹಾಸನದ ಮೇಲೆ ಕುಳಿತವನು ಯಾರು? ತಲೆ ಕಳೆದುಕೊಂಡ ಲೂಯಿಯ ತಮ್ಮ! ಗಟ್ಟಿ ಕೈ ಬೇಕೆಂದವರಿಗೆ ಸಿಕ್ಕ ಸ್ಥಿರತೆಯ ಆಯುಷ್ಯ ಹದಿನೈದು ವರ್ಷ.

ಒಬ್ಬನನ್ನು ಮಾತ್ರ ನೆನೆಯದೆ ಮುಗಿಸಲಾರೆವು. 1804ರಲ್ಲಿ ಸಾಮ್ರಾಜ್ಯದ ಸೂಚನೆ ಟ್ರಿಬ್ಯುನೇಟ್ ಸಭೆಗೆ ಬಂದಾಗ ಹೊಗಳಿಕೆಯ ಭಾಷಣಗಳ ನಡುವೆ ಎದ್ದು ಬೇಡವೆಂದವನು ಲಜಾರ್ ಕಾರ್ನೊ ಒಬ್ಬನೇ. ಗಣರಾಜ್ಯದ ಸೈನ್ಯಗಳನ್ನು ಕಟ್ಟಿ ಗೆಲ್ಲಿಸಿದವನು ಅವನು. 1797ರಲ್ಲಿ ಹೊರಹಾಕಲ್ಪಟ್ಟ ಇಬ್ಬರು ನಿರ್ದೇಶಕರಲ್ಲಿಯೂ ಒಬ್ಬ. ಚುನಾವಣೆಯ ಲೆಕ್ಕವನ್ನು ಬಂದೂಕಿನಿಂದ ತಿದ್ದಿದರೆ ಏನಾಗುತ್ತದೆಂಬುದು ಅವನಿಗೆ ಅನುಭವದಿಂದ ಗೊತ್ತಿತ್ತು. ಉಳಿದವರೂ ಅರಿಯದವರೇನಲ್ಲ; ಸುಮ್ಮನಿದ್ದರು, ಅಷ್ಟೇ.

ಇನ್ನು ಮುಂದೆ ಯಾರಾದರೂ ಚಹಾದ ಲೋಟ ಹಿಡಿದು “ಜನಕ್ಕೆ ಒಬ್ಬ ನೆಪೋಲಿಯನ್ ಬೇಕು” ಎಂದರೆ ಸುಮ್ಮನೆ ತಲೆದೂಗಬೇಡಿ. 1797ರಲ್ಲಿ ಏನಾಯಿತು, 1798ರಲ್ಲಿ ಏನಾಯಿತು ಎಂದು ಕೇಳಿ. ಉತ್ತರ ಬರುವವರೆಗೆ ಚಹಾ ಆರಿದರೂ ಚಿಂತೆಯಿಲ್ಲ.